ಚಕಮಕಿಯೋ, ಅಬ್ಸಿಡಿಯನ್ನೋ?

ಶಿಲಾಯುಗದವರಂತೆ ಕಲ್ಲೊಡೆದು ಉಪಕರಣ ಮಾಡಲು ಕಲಿಯುವವರು ಯಾವ ಕಲ್ಲು ಹಿಡಿಯಬೇಕು? ನನ್ನ ಮತ ಚಕಮಕಿಗೆ.

ಅಬ್ಸಿಡಿಯನ್ ಜ್ವಾಲಾಮುಖಿಯ ಗಾಜು. ಸಣ್ಣ ಪೆಟ್ಟಿಗೇ ಚಕ್ಕೆ ಏಳುತ್ತದೆ, ಅಂಚು ಉಕ್ಕಿನ ಬ್ಲೇಡಿಗಿಂತಲೂ ಹರಿತ. ಆದರೆ ಮರ ಕೆತ್ತಲು ಹೋದರೆ ಬೇಗ ಮುರಿಯುತ್ತದೆ.

ಚಕಮಕಿ ಸೀಮೆಸುಣ್ಣದ ಶಿಲೆಯೊಳಗೆ ಗಡ್ಡೆಗಳಾಗಿ ಬೆಳೆದ ಸಿಲಿಕಾ, ಅಂದರೆ ಮರಳಿನಲ್ಲೂ ಇರುವ ಖನಿಜ. ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಇದರ ಗಡಸುತನ ಸುಮಾರು 7. ಅಬ್ಸಿಡಿಯನ್ನದು 5ರಿಂದ 5.5. ಚಕಮಕಿಯ ಬಿಳಿ ಸಿಪ್ಪೆ ಕಳಚಿದರೆ ಒಳಗೆ ಕಪ್ಪು ನುಣುಪು, ಪೆಟ್ಟು ಬಿದ್ದ ಜಾಗದಿಂದ ಕಪ್ಪೆಚಿಪ್ಪಿನಂಥ ಅಲೆಗಳು. ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯದು! ಕೊಡಲಿಗೆ, ತೊಗಲು ಹೆರೆಯಲು ಇದೇ ಸರಿ. ಇಂಗ್ಲೆಂಡಿನ ಗ್ರೈಮ್ಸ್ ಗ್ರೇವ್ಸ್ ಎಂಬ ಚಕಮಕಿ ಗಣಿಯಲ್ಲಿ ಕ್ರಿ.ಪೂ. 2600ರ ಸುಮಾರಿಗೆ ಜನ ಜಿಂಕೆಯ ಕೊಂಬಿನಿಂದ ಅಗೆಯುತ್ತಾ ಆಳದ ಗುಂಡಿಗಳಿಗೆ ಇಳಿದದ್ದು ಇದಕ್ಕಾಗಿಯೇ.

ಆರಿಸುವಾಗ ತಟ್ಟಿ ನೋಡಿ: ಠಣ್ ಎಂದರೆ ಒಳ್ಳೆಯದು, ದಬ್ ಎಂದರೆ ಒಳಬಿರುಕು. ಕಣ್ಣಿಗೆ ರಕ್ಷಣೆಯಿರಲಿ, ಕೆಲಸ ಬಯಲಲ್ಲೇ ಆಗಲಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಅಪಾಯ.