ಡ್ಯಾಂಡೆನಾಂಗ್ ತಪ್ಪಲಿನ ನರ್ಸರಿಯ ಸಿಂಬಿಡಿಯಂ ಗಿಡಗಳು: ಮೂರು ವರ್ಷ ಸಾಕಿದ ಮೇಲಿನ ವಿಮರ್ಶೆ

ಆರ್ಕಿಡ್ ಗಿಡವನ್ನು ಕೊಂಡ ವಾರದಲ್ಲೇ ಬರೆಯುವ ವಿಮರ್ಶೆಗೆ ಹೆಚ್ಚಿನ ಬೆಲೆಯಿಲ್ಲ. ಆ ವಾರ ಕಣ್ಮುಂದೆ ಅರಳಿರುವ ಹೂವು ನರ್ಸರಿಯವರ ಹಿಂದಿನ ವರ್ಷದ ಆರೈಕೆಯ ಫಲವೇ ಹೊರತು ಕೊಂಡವರದಲ್ಲ. ಆದ್ದರಿಂದ ಮೆಲ್ಬರ್ನಿನ ಪೂರ್ವಕ್ಕಿರುವ ಡ್ಯಾಂಡೆನಾಂಗ್ ಬೆಟ್ಟಗಳ ತಪ್ಪಲಿನ ಒಂದು ನರ್ಸರಿಯಿಂದ 2022ರ ಆಗಸ್ಟಿನಲ್ಲಿ ಸಿಂಬಿಡಿಯಂ ಎಂಬ ಆರ್ಕಿಡ್‌ನ ಮೊದಲ ಗಿಡವನ್ನು ತಂದ ನಾನು ಈ ಬರಹವನ್ನು ಮೂರು ಚಳಿಗಾಲ ಕಳೆಯುವವರೆಗೆ ಮುಂದೂಡಿದೆ. ಈ ಅವಧಿಯಲ್ಲಿ ಅಲ್ಲಿಂದ ಒಟ್ಟು ಮೂರು ಗಿಡಗಳನ್ನೂ ಒಂದು ಚೀಲ ಕುಂಡದ ಮಿಶ್ರಣವನ್ನೂ ಕೊಂಡಿದ್ದೇನೆ. ಕುಂಡ ಬದಲಿಸಿಕೊಡುವ ಅವರ ಸೇವೆಯನ್ನೂ ಒಮ್ಮೆ ಬಳಸಿದ್ದೇನೆ. ಗಿಡಗಳ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಗಿಡದ ಜೊತೆ ಬಂದ ಸಲಹೆಯ ಬಗ್ಗೆ ಮತ್ತು ಆ ಮಿಶ್ರಣದ ಬಗ್ಗೆ.

ಮೊದಲ ಗಿಡದ ಬೆಲೆ 55 ಡಾಲರ್. ತಿಳಿಹಸಿರು ದಳಗಳು, ಕೆಂಪು ಚುಕ್ಕೆಗಳಿದ್ದ ತುಟಿದಳ (ತುಟಿಯಂತೆ ಮುಂದಕ್ಕೆ ಚಾಚಿದ ದಳ), ಎರಡು ಹೂದಂಟು, ದಂಟಿಗೆ ಹನ್ನೊಂದು ಹೂವು. ಕುಂಡಕ್ಕೆ ಕಟ್ಟಿದ್ದ ಚೀಟಿಯಲ್ಲಿ ಗಿಡವನ್ನು ಮನೆಯೊಳಗೆ ಬೆಳಕಿರುವ ಕಡೆ ಇಡಬೇಕು, ವಾರಕ್ಕೊಮ್ಮೆ ನೀರು ಕೊಡಬೇಕು ಎಂದು ಬರೆದಿತ್ತು. ಹೂವು ಇರುವಷ್ಟು ಕಾಲ ಈ ಸಲಹೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ನಡುಮನೆಯಲ್ಲಿ ಆ ಹೂವುಗಳು ಏಳು ವಾರ ಬಾಡದೆ ನಿಂತವು. ಆದರೆ ಹೂವು ಮುಗಿದ ಮೇಲೆ ಏನು ಮಾಡಬೇಕೆಂಬುದರ ಬಗ್ಗೆ ಚೀಟಿಯಲ್ಲಿ ಒಂದು ಅಕ್ಷರವೂ ಇರಲಿಲ್ಲ. ನಾನು ಚೀಟಿಯನ್ನು ನಂಬಿ ಗಿಡವನ್ನು ವರ್ಷವಿಡೀ ಒಳಗೇ ಇಟ್ಟೆ, ಚಳಿಗಾಲದಲ್ಲಿ ಹೀಟರಿನ ಬೆಚ್ಚಗೆಯಲ್ಲಿ ಸಾಕಿದೆ. ಎಲೆಗಳು ಉದ್ದವಾಗಿ, ಕಡುಹಸಿರಾಗಿ, ನೋಡುವವರು ಮೆಚ್ಚುವಂತೆ ಬೆಳೆದವು. 2023ರ ಚಳಿಗಾಲದಲ್ಲಿ ಒಂದೇ ಒಂದು ಮೊಗ್ಗೂ ಬರಲಿಲ್ಲ.

ಕಾರಣ ಈ ಗಿಡದ ವಂಶದಲ್ಲಿದೆ. ಅಂಗಡಿಗಳಲ್ಲಿ ಸಿಗುವ ದೊಡ್ಡ ಹೂವಿನ ಸಿಂಬಿಡಿಯಂಗಳೆಲ್ಲ ಹಿಮಾಲಯದ ಮಗ್ಗುಲಿನಿಂದ ಮ್ಯಾನ್ಮಾರ್, ವಿಯೆಟ್ನಾಂಗಳ ಬೆಟ್ಟಗಳವರೆಗೆ ತಂಪಿನಲ್ಲಿ ಬೆಳೆಯುವ ಕೆಲವು ಜಾತಿಗಳ ಮಿಶ್ರತಳಿಗಳು. ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ ಎಬರ್ನಿಯಂ ಮತ್ತು ಲೋವಿಯಾನಂ ಜಾತಿಗಳನ್ನು ಕೂಡಿಸಿದ ತಳಿ 1889ರಲ್ಲಿ ಮೊದಲ ಬಾರಿಗೆ ಹೂಬಿಟ್ಟಿತು. ಅದನ್ನು ಇನ್ಸಿಗ್ನೆ ಜಾತಿಯೊಂದಿಗೆ ಕೂಡಿಸಿ ಪಡೆದ ‘ಅಲೆಕ್ಸಾಂಡರೈ’ ತಳಿಯ ರಕ್ತ ಇಂದಿನ ಬಿಳಿ ಮತ್ತು ಗುಲಾಬಿ ಬಣ್ಣದ ತಳಿಗಳಲ್ಲಿ ಧಾರಾಳವಾಗಿ ಹರಿಯುತ್ತಿದೆ. ಇವುಗಳ ತವರಿನಲ್ಲಿ ಬೇಸಿಗೆಯೆಂದರೆ ಮಳೆ ಮತ್ತು ಮಂಜು, ಚಳಿಗಾಲವೆಂದರೆ ಒಣಹವೆ, ಒಳ್ಳೆಯ ಬಿಸಿಲು, ಕೊರೆಯುವ ರಾತ್ರಿ. ಬೇಸಿಗೆಯ ಕೊನೆಗೆ ರಾತ್ರಿಯ ಉಷ್ಣತೆ 10ರಿಂದ 14 ಡಿಗ್ರಿಗೆ ಇಳಿದು, ಹಗಲಿಗೂ ರಾತ್ರಿಗೂ ಹತ್ತು ಡಿಗ್ರಿಯಷ್ಟು ಅಂತರ ಕೆಲವು ವಾರ ಉಳಿದರೆ ಮಾತ್ರ ಗಿಡದ ಬುಡದಲ್ಲಿ ಹೂದಂಟು ಹುಟ್ಟುತ್ತದೆ. ಮೆಲ್ಬರ್ನಿನ ಮಾರ್ಚ್, ಏಪ್ರಿಲ್ ತಿಂಗಳ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ನಾನು ಆ ರಾತ್ರಿಗಳನ್ನೆಲ್ಲ ಕಿಟಕಿಯ ಗಾಜಿನಾಚೆಗೆ ಇಟ್ಟುಬಿಟ್ಟಿದ್ದೆ.

ಊರಿನ ಕಡೆಯ ಓದುಗರಿಗಾಗಿ ಇಲ್ಲಿ ಒಂದು ಮಾತು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಹಳೆಯ ಮರಗಳ ಕವಲುಗಳಲ್ಲಿ ದಪ್ಪ ಪಟ್ಟಿಯಂತಹ ಎಲೆಗಳನ್ನು ಚಾಚಿಕೊಂಡು, ಬೇಸಿಗೆಯಲ್ಲಿ ಕಂದುಗೆಂಪು ಹೂವಿನ ಗೊಂಚಲನ್ನು ಕೆಳಕ್ಕೆ ಜೋಲಿಬಿಡುವ ಸೀತಾಳೆಯೊಂದನ್ನು ನೀವು ಕಂಡಿರಬಹುದು. ಅದೂ ಸಿಂಬಿಡಿಯಂ ಕುಲಕ್ಕೇ ಸೇರಿದ ಅಲೋಯಿಫೋಲಿಯಂ ಜಾತಿ. ಅದು ಸೆಕೆಯನ್ನು ತಡೆದುಕೊಂಡು ಹೂಬಿಡುತ್ತದೆ ಎಂಬ ಕಾರಣಕ್ಕೆ ಅದರ ಹಿಮಾಲಯದ ದಾಯಾದಿಗಳಿಂದಲೂ ಅದನ್ನೇ ನಿರೀಕ್ಷಿಸಬಾರದು. ಮಂಗಳೂರಿನ ಜಗುಲಿಯಲ್ಲಿ ದೊಡ್ಡ ಹೂವಿನ ಸಿಂಬಿಡಿಯಂ ಸಾಕುವವರು ಎಲೆಗಷ್ಟೇ ತೃಪ್ತರಾಗಬೇಕಾದೀತು.

2023ರ ಅಕ್ಟೋಬರಿನಲ್ಲಿ ನರ್ಸರಿಗೆ ಹೋಗಿ ವಿಚಾರಿಸಿದಾಗ, ಹಿಂದಿನ ಶೇಡ್ ನೆಟ್ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ನನ್ನ ಫೋನಿನಲ್ಲಿದ್ದ ಚಿತ್ರವನ್ನು ನೋಡಿ, ಎಲೆ ಇಷ್ಟು ಹಸಿರಾಗಿದ್ದರೆ ಹೂವು ಎಲ್ಲಿಂದ ಬರಬೇಕು ಎಂದು ಕೇಳಿದರು. ಬೆಳಕು ಸಾಕಷ್ಟು ಸಿಕ್ಕಿದ ಸಿಂಬಿಡಿಯಂನ ಎಲೆ ಹಸಿರು ಸೇಬಿನ ಸಿಪ್ಪೆಯಂತೆ ಹಳದಿ ಬೆರೆತ ಹಸಿರಾಗಿರಬೇಕು. ಅವರ ಎಲ್ಲ ಗಿಡಗಳೂ ಅರ್ಧದಷ್ಟು ಬಿಸಿಲನ್ನು ತಡೆಯುವ ನೆಟ್ಟಿನ ಅಡಿಯಲ್ಲಿ, ವರ್ಷವಿಡೀ ಹೊರಗೇ ಇದ್ದವು. ಎದುರಿನ ಕೌಂಟರಿನ ಚೀಟಿ ಹೇಳುವುದೊಂದು, ಹಿಂದಿನ ಶೆಡ್ಡು ಮಾಡುವುದಿನ್ನೊಂದು ಎಂಬುದು ಅಂದು ನನಗೆ ಮನವರಿಕೆಯಾಯಿತು. ಚೀಟಿಯನ್ನು ಬರೆದವರು ಅದನ್ನು ಹೂಗುಚ್ಛದ ಬದಲಿಗೆ ಉಡುಗೊರೆ ಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು. ಗಿಡವನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಅದರಿಂದ ಕೇಡೇ ಹೆಚ್ಚು.

ಅಂದಿನಿಂದ ಗಿಡಗಳು ನಮ್ಮ ಹಿತ್ತಲಿನಲ್ಲಿ ಉತ್ತರಕ್ಕೆ ಮುಖಮಾಡಿದ ಗೋಡೆಯ ಬಳಿ ಇವೆ. ದಕ್ಷಿಣ ಗೋಳಾರ್ಧದಲ್ಲಿ ಚಳಿಗಾಲದ ಸೂರ್ಯ ಉತ್ತರಕ್ಕೆ ವಾಲುವುದರಿಂದ ಬಿಸಿಲು ಬೀಳುವುದು ಆ ಕಡೆಗೇ; ನಾನು ಊರಿನ ಅಭ್ಯಾಸದಂತೆ ಮೊದಲು ಅವುಗಳನ್ನು ದಕ್ಷಿಣಕ್ಕೆ ಇಟ್ಟು ಒಂದು ತಿಂಗಳು ಕಳೆದುಕೊಂಡದ್ದೂ ಉಂಟು. ಬೇಸಿಗೆಯಲ್ಲಿ ಉತ್ತರದ ಬಿಸಿಗಾಳಿ ಬೀಸಿ ಉಷ್ಣತೆ 40 ಡಿಗ್ರಿ ಮುಟ್ಟುವ ದಿನಗಳಲ್ಲಿ ಕುಂಡಗಳನ್ನು ಮರದ ನೆರಳಿಗೆ ಎತ್ತಿಟ್ಟು ಸುತ್ತಲಿನ ನೆಲವನ್ನು ತೋಯಿಸುತ್ತೇನೆ. ಚಳಿಗಾಲದಲ್ಲಿ ನೆಲದ ಹುಲ್ಲಿನ ಮೇಲೆ ಹಿಮದ ಪುಡಿ ಕಾಣುವ ಬೆಳಗುಗಳಿದ್ದರೂ ಸೂರಿನ ಅಂಚಿನಡಿ ಇದ್ದ ಗಿಡಗಳಿಗೆ ಏನೂ ಆಗಿಲ್ಲ. ಆದರೆ ಮೊಗ್ಗುಗಳು ಎಲೆಗಳಷ್ಟು ಗಟ್ಟಿಯಲ್ಲ. ದಂಟು ಮೂಡಿದ ಕುಂಡಕ್ಕೆ ಬಯಲಿನ ಹಿಮ ತಾಗದಂತೆ ನೋಡಿಕೊಳ್ಳಬೇಕು.

ಈಗ ಕುಂಡ ಬದಲಿಸುವ ಸೇವೆಯ ವಿಷಯ. ಇಪ್ಪತ್ತು ಡಾಲರಿಗೆ ಅವರು ಗಿಡವನ್ನು ಹಳೆಯ ಕುಂಡದಿಂದ ಬಿಡಿಸಿ, ಸತ್ತ ಬೇರುಗಳನ್ನು ಕತ್ತರಿಸಿ, ಹೊಸ ಮಿಶ್ರಣದಲ್ಲಿ ಕೂರಿಸಿಕೊಡುತ್ತಾರೆ. ನನ್ನ ಕಣ್ಣೆದುರಿಗೇ ಹತ್ತು ನಿಮಿಷದಲ್ಲಿ ಮುಗಿದ ಆ ಕೆಲಸದ ಅಚ್ಚುಕಟ್ಟನ್ನು ಮೆಚ್ಚಬೇಕು: ಹುಸಿಗಡ್ಡೆಗಳ (ಎಲೆಗಳ ಬುಡದಲ್ಲಿ ಉಬ್ಬಿ ನೀರನ್ನು ಕೂಡಿಟ್ಟುಕೊಳ್ಳುವ ಕಾಂಡಗಳ) ಬುಡ ಮಿಶ್ರಣದ ಮೇಲ್ಮಟ್ಟದಲ್ಲಿಯೇ ಇತ್ತು, ಹೊಸ ಚಿಗುರಿನ ಕಡೆಗೆ ಎರಡು ವರ್ಷಕ್ಕೆ ಸಾಲುವಷ್ಟು ಜಾಗವನ್ನೂ ಬಿಟ್ಟಿದ್ದರು. ಆದರೆ ಅವರೇ ಚೀಲದಲ್ಲಿ ತುಂಬಿ ಮಾರುವ ಆ ಮಿಶ್ರಣ, ಪೈನ್ ತೊಗಟೆಯ ಚೂರುಗಳಿಗಿಂತ ಅದರ ಪುಡಿಯೇ ಹೆಚ್ಚಿದ್ದಂಥದ್ದು. ಸಿಂಬಿಡಿಯಂನ ಬೇರುಗಳು ಪೆನ್ಸಿಲ್ಲಿನಷ್ಟು ದಪ್ಪ. ಹೊರಗಿನ ಬಿಳಿಯ ಸ್ಪಂಜಿನಂತಹ ಹೊದಿಕೆ ನೀರನ್ನು ಥಟ್ಟನೆ ಹೀರಿಕೊಂಡು, ಆಮೇಲೆ ಗಾಳಿಯನ್ನು ಬಯಸುತ್ತದೆ. ಚೂರುಗಳ ನಡುವಿನ ಸಂದುಗಳನ್ನು ಪುಡಿ ಮುಚ್ಚಿದಾಗ ಗಾಳಿಯಾಡದೆ ಬೇರು ಕೊಳೆಯತೊಡಗುತ್ತದೆ, ಮೇಲಿನ ಹುಸಿಗಡ್ಡೆಗಳು ನೀರಿನ ನಡುವೆಯೇ ಬಾಯಾರಿ ಸುಕ್ಕುಗಟ್ಟುತ್ತವೆ. ಆ ಸುಕ್ಕನ್ನು ಕಂಡು ಇನ್ನಷ್ಟು ನೀರು ಹುಯ್ಯುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದೆ. 2024ರ ಜುಲೈಯಲ್ಲಿ ಕುಂಡದಿಂದ ಎಳೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಬೇರುಗಳು ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕಳಚಿ ದಾರದಂತೆ ಉಳಿಯುತ್ತಿದ್ದವು. ಹೀಗೆ ಎರಡನೆಯ ವರ್ಷದ ಹೂವೂ ಹೋಯಿತು.

ಸೋಜಿಗವೆಂದರೆ ಕುಂಡ ಬದಲಿಸಿಕೊಂಡ ದಿನವೇ ನರ್ಸರಿಯಲ್ಲಿ ತಲಾ 18 ಡಾಲರಿಗೆ ಕೊಂಡಿದ್ದ, ಹೂವಿಲ್ಲದ ಎರಡು ಸಣ್ಣ ಗಿಡಗಳು ಒರಟು ತೊಗಟೆಯಲ್ಲಿದ್ದವು, ಅವುಗಳ ಬೇರುಗಳಿಗೆ ಏನೂ ಆಗಿರಲಿಲ್ಲ. ತಮ್ಮ ಗಿಡಗಳಿಗೆ ಒಂದು, ಗಿರಾಕಿಗಳಿಗೆ ಇನ್ನೊಂದು ಮಿಶ್ರಣ ಏಕೆಂಬ ಪ್ರಶ್ನೆಗೆ ನನಗೆ ಸಮರ್ಪಕವಾದ ಉತ್ತರ ಸಿಗಲಿಲ್ಲ. ದೊಡ್ಡ ಗಿಡವನ್ನು ನಾನೇ ಹತ್ತು ಮಿಲಿಮೀಟರಿಗಿಂತ ದಪ್ಪನೆಯ ತೊಗಟೆ ಚೂರುಗಳಿಗೆ ಬದಲಿಸಿದೆ. ಒಟ್ಟಿಗೆ ಮೂರಾದರೂ ಹಸಿರು ಹುಸಿಗಡ್ಡೆಗಳು ಉಳಿಯುವಂತೆ ಗಿಡವನ್ನು ಬಿಡಿಸಿ, ಎಲೆಯಿಲ್ಲದ ಹಳೆಯ ಗಡ್ಡೆಗಳನ್ನು ಬೇರೊಂದು ಸಣ್ಣ ಕುಂಡದಲ್ಲಿ ನೆಟ್ಟೆ. ಅವುಗಳಲ್ಲಿ ಒಂದು ಚಿಗುರಿದೆ, ಆದರೆ ಅದು ಹೂಬಿಡಲು ಮೂರು ನಾಲ್ಕು ವರ್ಷ ಬೇಕು. ಅಂದಹಾಗೆ, ಆಸ್ಟ್ರೇಲಿಯಾದಲ್ಲಿ ಮಾರುವ ಇಂತಹ ಚೀಲಗಳ ಮೇಲಿರುವ ಎಚ್ಚರಿಕೆಯನ್ನು ಹಗುರವಾಗಿ ಕಾಣಬಾರದು. ಮಿಶ್ರಣದ ಧೂಳಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಚೀಲವನ್ನು ಬಿಚ್ಚುವಾಗ ಮಾಸ್ಕನ್ನೂ ಕೈಗವಸನ್ನೂ ಧರಿಸಿ, ಮಿಶ್ರಣವನ್ನು ಮೊದಲು ತೇವಗೊಳಿಸಬೇಕು.

ನೀರು, ಗೊಬ್ಬರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಹತ್ತು ದಿನಕ್ಕೊಮ್ಮೆ, ಕುಂಡದ ತಳದಿಂದ ಹರಿದುಹೋಗುವಷ್ಟು ಕೊಡುತ್ತೇನೆ. ಮೆಲ್ಬರ್ನಿನ ನಲ್ಲಿ ನೀರಿನಲ್ಲಿ ಲವಣಾಂಶ ಕಡಿಮೆಯಿರುವುದು ನಮ್ಮ ಪುಣ್ಯ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಸಾರಜನಕ ಹೆಚ್ಚಿರುವ ಗೊಬ್ಬರ, ಆಮೇಲೆ ಪೊಟ್ಯಾಷ್ ಹೆಚ್ಚಿರುವುದು, ಎರಡೂ ಪೊಟ್ಟಣದಲ್ಲಿ ಹೇಳಿದ್ದರ ಅರ್ಧದಷ್ಟು ಮಾತ್ರ.

ಸಣ್ಣ ಗಿಡಗಳಲ್ಲಿ ಒಂದರ ಹೊಸ ಎಲೆಗಳಲ್ಲಿ 2024ರ ಕೊನೆಗೆ ತಿಳಿಹಳದಿಯ ಗೀರುಗಳು ಕಂಡವು, ಅವು ಕ್ರಮೇಣ ಕಪ್ಪಾದವು. ವೈರಸ್ ಪತ್ತೆಹಚ್ಚುವ ಪರೀಕ್ಷೆಯ ಪಟ್ಟಿಯನ್ನು (ಸ್ಟ್ರಿಪ್) ತರಿಸಿ ನೋಡಿದಾಗ ಸಿಂಬಿಡಿಯಂ ಮೊಸಾಯಿಕ್ ವೈರಸ್ ಇರುವುದು ತಿಳಿಯಿತು. ಇದಕ್ಕೆ ಮದ್ದಿಲ್ಲ; ಒಂದು ಗಿಡದ ರಸ ತಗುಲಿದ ಕತ್ತರಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಫ್ರಾನ್ಸಿನ ಜಾರ್ಜ್ ಮೊರೆಲ್ 1960ರಲ್ಲಿ ಸಿಂಬಿಡಿಯಂನ ಚಿಗುರಿನ ತುದಿಯಿಂದ ಅಂಗಾಂಶ ಕೃಷಿಯ ಮೂಲಕ ಹೊಸ ಗಿಡಗಳನ್ನು ಪಡೆಯುವ ವಿಧಾನವನ್ನು ಪ್ರಕಟಿಸಿದ್ದೂ ಈ ವೈರಸ್ಸಿನಿಂದ ಒಳ್ಳೆಯ ತಳಿಗಳನ್ನು ಬಿಡಿಸುವ ಪ್ರಯತ್ನದಲ್ಲಿಯೇ. ಇಂದು ಆರ್ಕಿಡ್‌ಗಳು ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ಇಳಿದಿರುವುದರಲ್ಲಿ ಆ ವಿಧಾನದ ಪಾಲು ದೊಡ್ಡದು. ನನ್ನ ಗಿಡ ನರ್ಸರಿಯಿಂದಲೇ ರೋಗವನ್ನು ತಂದಿತ್ತೋ ನನ್ನ ಕತ್ತರಿಯಿಂದ ಅಂಟಿಸಿಕೊಂಡಿತೋ ಎಂದು ಸಾಧಿಸುವ ದಾರಿಯಿಲ್ಲ. ಆದರೂ ಪಟ್ಟಿಯ ಚಿತ್ರವನ್ನು ತೋರಿಸಿದೊಡನೆ ಅವರು ವಾದಕ್ಕಿಳಿಯದೆ ಬೇರೊಂದು ಗಿಡವನ್ನು ಕೊಟ್ಟರು, ರೋಗದ ಗಿಡವನ್ನು ಕಸಕ್ಕೆ ಹಾಕುವಂತೆಯೂ ಇನ್ನು ಮುಂದೆ ಪ್ರತಿ ಗಿಡಕ್ಕೂ ಕತ್ತರಿಯ ಅಲಗನ್ನು ಬೆಂಕಿಯಲ್ಲಿ ಕಾಯಿಸಿ ಬಳಸುವಂತೆಯೂ ಹೇಳಿದರು. ಈ ನರ್ಸರಿಗೆ ನಾನು ಮತ್ತೆ ಹೋಗುವುದಿದ್ದರೆ ಅದು ಈ ಒಂದು ನಡವಳಿಕೆಗಾಗಿ.

2025ರ ಏಪ್ರಿಲಿನಲ್ಲಿ ದೊಡ್ಡ ಗಿಡದ ಬುಡದಲ್ಲಿ ಮೂರು ಕಡೆ ಮೊಳಕೆಗಳು ಕಾಣಿಸಿಕೊಂಡಾಗ ಅವು ಎಲೆಯ ಚಿಗುರೋ ಹೂದಂಟೋ ಎಂದು ಕೆಲವು ದಿನ ಗೊಂದಲವಿತ್ತು. ಎಲೆಯ ಚಿಗುರು ಚಪ್ಪಟೆಯಾಗಿದ್ದು ಬೇಗನೆ ಬಿರಿಯುತ್ತದೆ. ಹೂದಂಟು ದುಂಡಗೆ, ತುಂಬಿಕೊಂಡು, ಒತ್ತಿದರೆ ಮೆತ್ತಗಿರುತ್ತದೆ. ಒತ್ತುವಾಗ ಬಲವಂತ ಬೇಡ. ಮೂರೂ ದಂಟುಗಳೇ ಆಗಿದ್ದವು. ಅವುಗಳಲ್ಲಿ ಒಂದನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ತಿಂದು ಮುಗಿಸಿತು. ಉಳಿದೆರಡಕ್ಕೆ ಬಿದಿರುಕಡ್ಡಿಯ ಆಸರೆ ಕೊಟ್ಟು, ಕುಂಡಗಳನ್ನು ಬೆಂಚಿನ ಮೇಲಿಟ್ಟು, ಟಾರ್ಚು ಹಿಡಿದು ಕಾವಲು ಕಾದೆ. ಆಗಸ್ಟಿನಲ್ಲಿ ಹೂವು ಅರಳಿದ ಮೇಲೆ ಗಿಡವನ್ನು ಮತ್ತೆ ನಡುಮನೆಗೆ ತಂದೆವು. ಒಂದೆರಡು ಹೂವುಗಳಿಗೆ ಜೇನುನೊಣ ಹೊಕ್ಕು ಪರಾಗದ ಮುಚ್ಚಳ ಕಳಚಿದ್ದರಿಂದ ಅವುಗಳ ತುಟಿದಳ ಕೆಂಪೇರಿ ಬೇಗನೆ ಬಾಡಿತು. ಒಳಗೆ ತರುವುದರ ಲಾಭಗಳಲ್ಲಿ ಇದನ್ನು ತಪ್ಪಿಸುವುದೂ ಒಂದು.

ಇಷ್ಟೆಲ್ಲದರ ನಂತರ ನನ್ನ ಲೆಕ್ಕ ಹೀಗಿದೆ. ಹೂಬಿಟ್ಟ ಗಿಡಕ್ಕೆ 55 ಡಾಲರ್ ಹೆಚ್ಚು, ಹೂವಿಲ್ಲದ ಸಣ್ಣ ಗಿಡಕ್ಕೆ 18 ಡಾಲರ್ ಬಹಳ ನ್ಯಾಯವಾದ ಬೆಲೆ. ಅಂತಹ ಗಿಡವೊಂದು ಈ ವರ್ಷವೇ ಒಂದು ದಂಟನ್ನು ಕೊಟ್ಟಿದೆ. ಆದ್ದರಿಂದ ಅಲ್ಲಿಗೆ ಹೋಗಬೇಕೆನ್ನುವವರು ಆಗಸ್ಟಿನಲ್ಲಿ ವಾರಾಂತ್ಯವಲ್ಲದ ಒಂದು ದಿನ, ಹೂವುಗಳು ಅರಳಿರುವಾಗ ಹೋಗಿ, ಮೆಚ್ಚಿದ ಬಣ್ಣದ ಚೀಟಿಯ ಹೆಸರನ್ನು ಬರೆದುಕೊಂಡು, ಅದೇ ತಳಿಯ ಸಣ್ಣ ಗಿಡ ಹಿಂದಿನ ಶೆಡ್ಡಿನಲ್ಲಿ ಇದೆಯೇ ಎಂದು ಕೇಳಬೇಕು. ಕೌಂಟರಿನಲ್ಲಿರುವವರು ಇಲ್ಲವೆಂದರೂ ಹಿಂದಕ್ಕೆ ಹೋಗಿ ಆ ಹಿರಿಯರನ್ನೇ ಕೇಳುವುದು ಒಳ್ಳೆಯದು. ತೊಗಟೆಯನ್ನು ಮಾತ್ರ ಬೇರೆ ಕಡೆ ಕೊಳ್ಳಿ.