ಒಂದೇ ಸಿನಿಮಾ, ನಾಲ್ಕು ಪರದೆ

ಬಾಹ್ಯಾಕಾಶದಲ್ಲಿ ಸಿಕ್ಕಿಕೊಂಡ ಗಗನಯಾತ್ರಿಯೊಬ್ಬಳ ಕಥೆ ಹೇಳುವ ಇಂಗ್ಲಿಷ್ ಸಿನಿಮಾ ‘ಗ್ರಾವಿಟಿ’ಯನ್ನು ನಾನು ನಾಲ್ಕು ಥರ ನೋಡಿದ್ದೇನೆ. ಹೈದರಾಬಾದಿನ ತ್ರೀಡಿ ಥಿಯೇಟರಿನಲ್ಲಿ, ರಾಯಚೂರಿನ ನಮ್ಮ ಮನೆ ಟಿವಿಯಲ್ಲಿ, ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ, ಕೊನೆಗೆ ಮಾಳಿಗೆ ಮೇಲೆ ಪ್ರೊಜೆಕ್ಟರಿನಲ್ಲಿ. ಯಾವುದರಲ್ಲಿ ನೋಡಿದರೆ ಚೆಂದ ಅಂತ ಯಾರಾದರೂ ಕೇಳಿದರೆ ನಾನು ಪರದೆ ಎಷ್ಟು ದೊಡ್ಡದು ಅಂತ ಕೇಳುವುದಿಲ್ಲ. ನೀವು ಕೂರುವ ಜಾಗದಲ್ಲಿ ಸದ್ದು ಎಷ್ಟಿದೆ ಅಂತ ಕೇಳುತ್ತೇನೆ.

ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಈ ಸಿನಿಮಾ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಬಾಹ್ಯಾಕಾಶ ನಿಲ್ದಾಣ ಚೂರುಚೂರಾದರೂ ಸ್ಫೋಟ ಕೇಳಿಸುವುದಿಲ್ಲ. ಆ ಗಗನಯಾತ್ರಿ ಡಾ. ಸ್ಟೋನ್ ಕೈಯಲ್ಲಿ ಡ್ರಿಲ್ ಹಿಡಿದಾಗ ಅದರ ಅದುರು ಸೂಟಿನೊಳಗಿಂದ ಬಂದ ಹಾಗೆ ಮಂದವಾಗಿ ಕೇಳುತ್ತದೆ. ಉಳಿದದ್ದು ರೇಡಿಯೊ ಮಾತು, ಉಸಿರು, ಸ್ಟೀವನ್ ಪ್ರೈಸ್ ಅವರ ಸಂಗೀತ. 2014ರಲ್ಲಿ ಬಂದ 7 ಆಸ್ಕರ್‌ಗಳಲ್ಲಿ 3 ಧ್ವನಿ ಮತ್ತು ಸಂಗೀತಕ್ಕೇ ಸಿಕ್ಕವು.

2013ರಲ್ಲಿ ಅಣ್ಣ ಹೈದರಾಬಾದಿನಲ್ಲಿ ಕೆಲಸಕ್ಕಿದ್ದ. ಅವನೇ ಕರೆದುಕೊಂಡು ಹೋದ. ಮೊದಲ ದೃಶ್ಯ ಸುಮಾರು 13 ನಿಮಿಷ ಎಲ್ಲೂ ಕತ್ತರಿ ಬೀಳದೆ ಸಾಗುತ್ತದೆ. ಕ್ಯಾಮೆರಾ ತೇಲುತ್ತಾ ತೇಲುತ್ತಾ ಸ್ಟೋನ್‌ಳ ಹೆಲ್ಮೆಟ್ ಹತ್ತಿರ ಬರುತ್ತದೆ, ಹಿಂದೆ ನೀಲಿ ಭೂಮಿ ತಿರುಗುತ್ತಿರುತ್ತದೆ. ಎಲ್‌ಇಡಿ ದೀಪಗಳ ಪೆಟ್ಟಿಗೆಯೊಳಗೆ ಸ್ಟೋನ್ ಪಾತ್ರದ ನಟಿ ಸಾಂಡ್ರಾ ಬುಲಕ್ ಅವರನ್ನು ಇರಿಸಿ, ಭೂಮಿಯ ಬೆಳಕು ಮುಖದ ಮೇಲೆ ಸರಿದಾಡುವಂತೆ ಚಿತ್ರೀಕರಿಸಿದ್ದಾರೆ. ಆ ಬೆಳಕಿನ ಕೆಲಸ ಪೂರ್ತಿ ಕಂಡದ್ದು ಥಿಯೇಟರಿನಲ್ಲಿ ಮಾತ್ರ. ಸೋಯುಜ್ ನೌಕೆಯಲ್ಲಿ ಸ್ಟೋನ್ ಅಳುವಾಗ ಕಣ್ಣೀರ ಹನಿ ಕೆನ್ನೆ ಬಿಟ್ಟು ತೇಲಿ ಬರುತ್ತದೆ. ತ್ರೀಡಿಯಲ್ಲಿ ಅದು ನನ್ನ ಮೂಗಿನ ಮುಂದೆ ಬಂದು ನಿಂತಿತ್ತು. ಇಡೀ ಹಾಲ್ ಉಸಿರು ಹಿಡಿದು ಕೂತಿತ್ತು.

ಟಿವಿ ಬಗ್ಗೆ ಹೇಳಲು ಹೆಚ್ಚಿಲ್ಲ. ಮೇ ತಿಂಗಳ ಮಧ್ಯಾಹ್ನ, ರಾಯಚೂರಿನ ಬಿಸಿಲು ಗೊತ್ತಲ್ವಾ, ಕೂಲರ್ ಆಫ್ ಮಾಡುವಂತಿಲ್ಲ. ಅದರ ಗರಗರ ಸದ್ದಿನಲ್ಲಿ ಬಾಹ್ಯಾಕಾಶದ ಮೌನ ಎಲ್ಲಿ ಉಳಿಯುತ್ತದೆ? ವಾಲ್ಯೂಮ್ ಜಾಸ್ತಿ ಮಾಡಿದರೆ ಸಂಗೀತ ಕಿವಿಗೆ ಬಡಿಯಿತು. ಅರ್ಧಕ್ಕೇ ನಿಲ್ಲಿಸಿದೆ.

ಮೊಬೈಲಿನಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ಅದೇ ಬೇಸಿಗೆಯಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು, ಕೂಲರ್ ನಿಂತಿತು. ನಿದ್ದೆ ಬರಲಿಲ್ಲ, ಸುಮ್ನೆ ಹಾಕಿಕೊಂಡೆ. ಕತ್ತಲು, ಸೆಕೆ, ಕಿವಿಯೊಳಗೆ ಸ್ಟೋನ್‌ಳ ಉಸಿರು. ಆಮ್ಲಜನಕ ಇಳಿಯುತ್ತಾ ಹೋದಂತೆ ಆ ಉಸಿರು ಚುರುಕಾಗುತ್ತದೆ. ಸ್ವಲ್ಪ ಹೊತ್ತಿಗೆ ನನ್ನ ಉಸಿರೂ ಅದರ ಜೊತೆ ಓಡುತ್ತಿತ್ತು. ಶುರುವಿನಲ್ಲಿ ಭಾರತೀಯ ಎಂಜಿನಿಯರ್ ಗುನುಗುವ ಹಳೆಯ ಹಿಂದಿ ಹಾಡು ಕೂಡ ಸ್ಪಷ್ಟವಾಗಿ ಕೇಳಿಸಿತು. ಆದರೆ ಭೂಮಿ ಅಂಗೈಯಷ್ಟೇ. ಅವಳು ದೂರಕ್ಕೆ ಉರುಳಿ ಚುಕ್ಕೆಯಾಗುವಾಗ ಆ ಚುಕ್ಕೆಯನ್ನು ಹುಡುಕಬೇಕಾಯಿತು.

ನನ್ನ ಲೆಕ್ಕದಲ್ಲಿ ಥಿಯೇಟರ್ ಮೊದಲು. ಅದು ಸಿಗದಿದ್ದರೆ ರಾತ್ರಿಯ ಮೊಬೈಲ್, ಒಳ್ಳೆಯ ಇಯರ್‌ಫೋನ್. ಹಗಲಿನ ದೊಡ್ಡ ಟಿವಿ ಅದರ ನಂತರ.

ಪ್ರೊಜೆಕ್ಟರನ್ನು ಈ ಸಾಲಿನಲ್ಲಿ ಎಲ್ಲಿ ಇಡಬೇಕೋ ತಿಳಿಯುತ್ತಿಲ್ಲ. ಡಿಸೆಂಬರಿನಲ್ಲಿ ಗೆಳೆಯನಿಂದ ಎರವಲು ತಂದು ಮಾಳಿಗೆಯ ಬಿಳಿ ಗೋಡೆಗೆ ಬಿಟ್ಟೆ. ಬೀದಿ ದೀಪಕ್ಕೆ ಕಪ್ಪು ಬೂದಿಯಾಯಿತು, ದೂರದಲ್ಲಿ ಲಾರಿ ಹಾರ್ನ್. ಚಿತ್ರವಾಗಿ ಮೊಬೈಲಿಗಿಂತಲೂ ಕೆಳಗೆ. ಆದರೆ ಅಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹಾದುಹೋಗುವ ಸಮಯ ನೋಡಿಕೊಂಡೇ ಅವ್ವನನ್ನು ಮೇಲೆ ಕರೆದಿದ್ದೆ. ಮುಸ್ಸಂಜೆಯಲ್ಲಿ ಬೆಳ್ಳಗೆ ಹೊಳೆಯುತ್ತಾ ಸದ್ದಿಲ್ಲದೆ ಹೋಯಿತು. ಸುಮಾರು 400 ಕಿಲೋಮೀಟರ್ ಮೇಲೆ ಅಂದೆ. ‘ಅದರಾಗ ಮಂದಿ ಅದಾರಾ?’ ಅಂದಳು. ಆಮೇಲೆ ಪರದೆಯ ಮೇಲೆ ಅದೇ ನಿಲ್ದಾಣ ಒಡೆದು ಚದುರಿದಾಗ ನನ್ನ ಕೈ ಹಿಡಿದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಕೊನೆಗೆ ಸ್ಟೋನ್ ನೀರಿನಿಂದ ತೆವಳಿ ಬಂದು ಮಣ್ಣು ಹಿಡಿದಾಗ ‘ನೆಲಕ್ಕ ಬಂದ್ಳು ನೋಡಪ’ ಅಂದಳು.

ಸಿನಿಮಾ 91 ನಿಮಿಷ. ನಿಲ್ದಾಣ ಭೂಮಿಯನ್ನು ಒಂದು ಸುತ್ತು ಹಾಕಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ನಾನು ವೈರ್ ಸುತ್ತುತ್ತಿದ್ದೆ, ಅವ್ವ ಇನ್ನೊಮ್ಮೆ ಬರುತ್ತದಾ ಅಂತ ಮೇಲೆ ನೋಡುತ್ತಾ ಕೂತಿದ್ದಳು.