ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್: ಏನಾದರೂ ಕೈಕೊಟ್ಟರೆ ಎಲ್ಲಿ ನೋಡಬೇಕು?

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೇ ಲ್ಯಾಪ್‌ಟಾಪ್ ಎಷ್ಟೋ ಮನೆಗಳಲ್ಲಿದೆ, ನಮ್ಮಲ್ಲೂ ಇತ್ತು. ಅದಕ್ಕೆ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ 22 ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಈಗ ದಿನವೂ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ. ಹೊಸಬರಿಗೆ ನಾನು ಧೈರ್ಯವಾಗಿ ಹೇಳುವುದು ಇದನ್ನೇ. ತೊಂದರೆಗಳು ಬರುತ್ತವೆ, ಆದರೆ ಬಂದಾಗ ಯಾಕೆ ಹೀಗಾಯಿತು ಅಂತ ಹುಡುಕುವುದಕ್ಕೆ ಇದರಲ್ಲಿ ದಾರಿ ಇದೆ, ಎಷ್ಟೋ ಸಲ ಆ ದಾರಿ ಮೆನುವಿನಲ್ಲೇ ಸಿಗುತ್ತದೆ, ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟುವ ಕೆಲಸ ಕಡಿಮೆ.

ಮೊದಲು ವೈಫೈ. ಕೆಲವು ಲ್ಯಾಪ್‌ಟಾಪ್‌ಗಳ ವೈಫೈ ಚಿಪ್‌ಗೆ ಬೇರೆ ಡ್ರೈವರ್ ಬೇಕು. ಡ್ರೈವರ್ ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು! ಇಲ್ಲಿ ತುಂಬಾ ಜನ ಕೈಚೆಲ್ಲುತ್ತಾರೆ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಸಾಮಾನ್ಯವಾಗಿ ತಕ್ಷಣ ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಅದು ತೋರಿಸುವ ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿ.

ಸೌಂಡ್ ಬರುತ್ತಿಲ್ಲ ಅಂದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ನೋಡಿ. ಎಷ್ಟೋ ಸಲ ಸ್ಪೀಕರ್ ಬದಲು ಎಚ್‌ಡಿಎಂಐ ಆಯ್ಕೆಯಾಗಿರುತ್ತದೆ, ಅಷ್ಟೇ.

ವಿಂಡೋಸನ್ನೂ ಪಕ್ಕದಲ್ಲಿ ಇಟ್ಟುಕೊಂಡವರಿಗೆ ಎರಡು ತಲೆನೋವು ಗ್ಯಾರಂಟಿ ಅನ್ನಬಹುದು. ಒಂದು, ಗಡಿಯಾರ. ವಿಂಡೋಸ್‌ಗೆ ಹೋದಾಗ ಟೈಮ್ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಬ್ಯಾಟರಿ ಸತ್ತಿಲ್ಲ, ಗಾಬರಿ ಬೇಡ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ಇಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಅಂದುಕೊಳ್ಳುತ್ತದೆ, ನಮ್ಮ ದೇಶಕ್ಕೂ ಯುಟಿಸಿಗೂ ಇರುವ ವ್ಯತ್ಯಾಸ ಸರಿಯಾಗಿ 5:30. ಟರ್ಮಿನಲ್‌ನಲ್ಲಿ, ಅಂದರೆ ಆ ಕಪ್ಪು ಪರದೆಯಲ್ಲಿ, ಟೈಮ್‌ಡೇಟ್‌ಸಿಟಿಎಲ್ (timedatectl) ಅನ್ನುವ ಕಮಾಂಡಿನ ಒಂದೇ ಸಾಲಿನಿಂದ ಲಿನಕ್ಸ್ ಕೂಡ ಊರಿನ ಸಮಯವನ್ನೇ ಇಡುವ ಹಾಗೆ ಮಾಡಬಹುದು. ಇನ್ನೊಂದು, ವಿಂಡೋಸ್ ಡ್ರೈವ್‌ನಲ್ಲಿರುವ ಫೈಲ್ ತೆರೆಯುತ್ತದೆ ಆದರೆ ಸೇವ್ ಆಗುವುದಿಲ್ಲ. ಇದಕ್ಕೆ ಹೆಚ್ಚಾಗಿ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೆ ಅರೆನಿದ್ದೆಯಲ್ಲಿ ಇರುತ್ತದೆ. ವಿಂಡೋಸ್ ಒಳಗೆ ಹೋಗಿ ಅದನ್ನು ಆಫ್ ಮಾಡಿ.

ಈಗ ಕನ್ನಡದ ವಿಷಯ. ನನಗೆ ಇದೇ ಮುಖ್ಯವಾಗಿತ್ತು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಕನ್ನಡ ಟೈಪ್ ಮಾಡಲು ಬೇಕಾದ ಐಬಸ್ ಎಂ17ಎನ್ (ibus-m17n) ಹುಡುಕಿ ಹಾಕಿ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ. ಒಮ್ಮೆ ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ, ಹೀಗೆ ಮಾಡದಿದ್ದರೆ ಏನೂ ಬದಲಾಗದು, ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ ಸೇರಿಸಿ, ಪಟ್ಟಿಯಲ್ಲಿ ಕೆಜಿಪಿ ಅಂತ ಇರುವುದೇ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದವರಿಗೆ ಗೊತ್ತಿರುವ ಕಗಪ (ಕನ್ನಡ ಗಣಕ ಪರಿಷತ್ತು) ಕೀಬೋರ್ಡ್ ವಿನ್ಯಾಸ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಬರೆದು ಕನ್ನಡ ಪಡೆಯುವವರಿಗೆ ಐಟ್ರಾನ್ಸ್ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಗುಬ್ಬಿ, ನವಿಲು ಫಾಂಟ್‌ಗಳೂ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ.

ಹಳೇ ನುಡಿ, ಬರಹ ಫೈಲುಗಳನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಂಡರೆ ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ ದಯವಿಟ್ಟು. ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೇ ಸಂಕೇತ ಕೊಡುವ ಈಗಿನ ಪದ್ಧತಿಗೆ, ಮೊದಲಿನ ಆ ಫೈಲುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡ ರೂಪ ಕೊಡುತ್ತಿದ್ದುದು ಫಾಂಟ್. ಆ ಫಾಂಟ್ ನಿಮ್ಮ ಹತ್ತಿರ ಇದ್ದರೆ ಹಾಕಿಕೊಳ್ಳಿ, ಸರಿಯಾಗಿ ಕಾಣುತ್ತದೆ. ಮುಂದೆಯೂ ಬೇಕಾದ ಬರಹವಾದರೆ ಯೂನಿಕೋಡ್‌ಗೆ ಬದಲಿಸಿ ಇಡಿ. ವಿಂಡೋಸ್‌ನ ತುಂಗಾ ಫಾಂಟ್‌ನಲ್ಲಿ ಮಾಡಿದ ಡಾಕ್ಯುಮೆಂಟ್‌ಗಳಲ್ಲಿ ಸಾಲು, ಪುಟ ಆಚೀಚೆ ಆಗಬಹುದು. ಪ್ರಿಂಟ್‌ಗೆ ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ.

ಟೈಮ್‌ಶಿಫ್ಟ್ ಅನ್ನುವ ಪ್ರೋಗ್ರಾಂ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮಿಂಟ್ ಜೊತೆಗೇ ಬರುತ್ತದೆ. ಮೊದಲ ದಿನವೇ ಒಂದು ಸ್ನ್ಯಾಪ್‌ಶಾಟ್ (ಸಿಸ್ಟಮ್ ಆಗ ಇದ್ದ ಹಾಗೆ ಒಂದು ನಕಲು) ತೆಗೆದಿಡಿ, ಅಪ್‌ಡೇಟ್ ಆದಮೇಲೆ ಏನಾದರೂ ಕೆಟ್ಟರೆ ಸಿಸ್ಟಮ್ ಮೊದಲಿನ ಹಾಗೆ ವಾಪಸ್ ಬರುತ್ತದೆ. ಆದರೆ ನಿಮ್ಮ ಫೋಟೋ, ಪತ್ರಗಳನ್ನು ಅದು ತಾನಾಗಿ ಕಾಪಾಡುವುದಿಲ್ಲ, ಅವನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಲೇಬೇಕು. ಹೊಸ ಕರ್ನಲ್ (ಸಿಸ್ಟಮ್‌ನ ತಿರುಳು ಭಾಗ) ಬಂದು ವೈಫೈ ಹೋಯಿತಾ? ಕಂಪ್ಯೂಟರ್ ಶುರುವಾಗುವಾಗ ಎಸ್ಕೇಪ್ ಒತ್ತಿ, ಹಳೇ ಯಂತ್ರವಾದರೆ ಶಿಫ್ಟ್ ಹಿಡಿದುಕೊಂಡು, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ. ಡೆಸ್ಕ್‌ಟಾಪ್ ಸುಮ್ನೆ ನಿಂತುಬಿಟ್ಟರೆ, ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ನೋಡಿ, ತೆರೆದ ಕೆಲಸ ಹೋಗದೆ ಡೆಸ್ಕ್‌ಟಾಪ್ ಮಾತ್ರ ಹೊಸದಾಗಿ ಶುರುವಾಗುತ್ತದೆ.

ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಏನೂ ಕಾಣದೇ ಇರಬಹುದು. ಅದು ತಪ್ಪಲ್ಲ, ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಪೇಸ್ಟ್ ಮಾಡಲು ಕಂಟ್ರೋಲ್, ವಿ ಜೊತೆ ಶಿಫ್ಟ್ ಕೂಡ ಸೇರಿಸಬೇಕು. ಏನಾದರೂ ಇನ್‌ಸ್ಟಾಲ್ ಮಾಡುವಾಗ ಲಾಕ್ ಸಿಗಲಿಲ್ಲ ಅಂತ ಮೆಸೇಜ್ ಬಂದರೆ ಹೆಚ್ಚಾಗಿ ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೆಯುತ್ತಿರುತ್ತದೆ, ಸ್ವಲ್ಪ ಕಾಯಿರಿ. ಲಾಕ್ ಫೈಲ್ ಅಳಿಸಿ ಅನ್ನುವ ಸಲಹೆ ನೆಟ್‌ನಲ್ಲಿ ತುಂಬಾ ಸಿಗುತ್ತದೆ, ಅದಕ್ಕೆ ಕೈ ಹಾಕಬೇಡಿ. ಏನು ಮಾಡುತ್ತದೆ ಅಂತ ಗೊತ್ತಿಲ್ಲದ ಯಾವ ಸಾಲನ್ನೂ ಪೇಸ್ಟ್ ಮಾಡಬೇಡಿ.

ಕೊರತೆಗಳೂ ಇವೆ. ಬೆರಳಚ್ಚು ರೀಡರ್ ಎಷ್ಟೋ ಯಂತ್ರಗಳಲ್ಲಿ ನಡೆಯುವುದಿಲ್ಲ. ಕೆಲವು ಹಳೇ ಲೇಸರ್ ಪ್ರಿಂಟರ್‌ಗಳು ಸತಾಯಿಸುತ್ತವೆ. ಟ್ಯಾಲಿ, ಫೋಟೋಶಾಪ್, ಪೇಜ್‌ಮೇಕರ್ ನಂಬಿ ದುಡಿಯುವವರು ವಿಂಡೋಸ್ ಬಿಡಬೇಡಿ. ಕನ್ನಡದಲ್ಲಿ ಸಹಾಯದ ಬರಹ ತುಂಬಾ ಕಡಿಮೆ, ಹಾಗಾಗಿ ಮೆನುಗಳನ್ನು ಸದ್ಯಕ್ಕೆ ಇಂಗ್ಲಿಷ್‌ನಲ್ಲೇ ಇಟ್ಟರೆ ಎರರ್ ಮೆಸೇಜನ್ನು ಹಾಗೇ ಹುಡುಕಲು ಸುಲಭ.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ನೋಡಬಹುದು, ಒಳಗಿನ ಡಿಸ್ಕ್‌ಗೆ ಏನೂ ಆಗುವುದಿಲ್ಲ. ವೈಫೈ, ಸೌಂಡ್, ಕ್ಯಾಮೆರಾ, ಪ್ರಿಂಟರ್, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರವಾಗುತ್ತದಾ ಅನ್ನುವುದು, ಎಲ್ಲವನ್ನೂ ಅಲ್ಲೇ ನೋಡಿಕೊಳ್ಳಿ. 4 ಜಿಬಿ ರ್‍ಯಾಮ್ ಇದ್ದರೆ ಸಿನಮನ್ ಹಾಕಿ, ಅದಕ್ಕಿಂತ ಕಡಿಮೆ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ.